ಸೂರ್ಯಾ ಚಂದ್ರಮನ ಕಲ್ಲು

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಹೆಸರು ಪೇಪರಿನಲ್ಲಿ ಬಂತು. ಆಲಮಟ್ಟಿಯ ಹಿನ್ನೀರು ಸರಿದ ನೆಲದಲ್ಲಿ ಶಾಸನವೊಂದು ಪತ್ತೆಯಾಗಿದೆ, ಅಕ್ಷರದ ರೂಪ ನೋಡಿದರೆ ಹನ್ನೆರಡನೆಯ ಶತಮಾನದ್ದಿರಬಹುದು, ಅದನ್ನು ಸಂರಕ್ಷಿಸಬೇಕು ಎಂದು ಎರಡು ಕಾಲಮ್ಮಿನ ಸುದ್ದಿ. ಜೊತೆಗೆ ಒಂದು ಫೋಟೊ. ಒಣಗಿ ಬಿರುಕುಬಿಟ್ಟ ಕೆಸರಿನಲ್ಲಿ ಓರೆಯಾಗಿ ನಿಂತ ಕಲ್ಲು, ಪಕ್ಕದಲ್ಲಿ ಬಿಳಿ ಅಂಗಿಯ ಇಬ್ಬರು. ಅಕ್ಕನ ಮಗ ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಒಂದು ತಾಸು ಕಳೆಯುವುದರೊಳಗೆ ಹುಬ್ಬಳ್ಳಿಯಲ್ಲಿರುವ ಅತ್ತೆ, ಸಾಂಗಲಿಗೆ ಕೊಟ್ಟ ತಂಗಿ, ಇಲ್ಲೇ ಬಾಗಲಕೋಟೆಯ ನವನಗರದಲ್ಲಿ ನಾಲ್ಕು ಸೆಕ್ಟರ್ ಆಚೆ ಇರುವ ಕಾಕಾ, ಎಲ್ಲರೂ ಬರೆದದ್ದು ಒಂದೇ ಮಾತು. "ಇದು ನಮ್ಮ ಸೂರ್ಯಾ ಚಂದ್ರಮನ ಕಲ್ಲಲ್ಲೇನು?"

ಹೌದು, ಅದೇ ಕಲ್ಲು. ನಾನು ಹುಟ್ಟುವ ಮೊದಲಿಂದಲೂ ಅಲ್ಲೇ ಇತ್ತು, ನಮ್ಮ ಮುತ್ಯಾ ಹುಟ್ಟುವ ಮೊದಲಿಂದಲೂ ಇತ್ತು. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಆ ಕೆಸರು ತುಳಿದು ಹೋಗಿ ಒಂದು ಕಲ್ಲು ನೋಡಿ ಬರುವವರು ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರು? ಅವರು ಹೋದದ್ದು ದೊಡ್ಡದು. ಆದರೆ 'ಪತ್ತೆ' ಎಂಬ ಆ ಒಂದು ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕಳೆದುಹೋದದ್ದು ಸಿಕ್ಕರೆ ಪತ್ತೆ ಅನ್ನುತ್ತೇವೆ. ಆ ಕಲ್ಲು ಎಂದು ಕಳೆದುಹೋಗಿತ್ತು, ಯಾರಿಂದ ಕಳೆದುಹೋಗಿತ್ತು?

ಬದುವಿನ ಮೇಲೆ

ಬೀಳಗಿ ತಾಲೂಕಿನ ಕೃಷ್ಣಾ ದಂಡೆಯ ಎರಿ ನೆಲ ನಮ್ಮದು. ಊರಿಂದ ಹೊಳೆಗೆ ಹೋಗುವ ಹಾದಿಯ ಎಡಕ್ಕೆ ನಮ್ಮ ಹೊಲ, ಅದರ ಬದುವಿನ ಮೇಲೆ ಆ ಕಲ್ಲು. ಆಗಿನ ನನ್ನ ಎದೆಮಟ್ಟ. ಮೇಲೆ ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಎಳೆ ಚಂದ್ರ, ನಡುವೆ ಲಿಂಗ, ಕೆಳಗೆ ಕರುವಿಗೆ ಹಾಲೂಡುವ ಆಕಳು. ಅದರ ಕೆಳಗೆ ಸಾಲು ಸಾಲು ಅಕ್ಷರ. ಓದಲು ಬರುವವರು ಊರಲ್ಲಿ ಯಾರೂ ಇರಲಿಲ್ಲ. ಶಾಲೆಯ ಗುರುಗಳಿಗೂ ಬರುತ್ತಿರಲಿಲ್ಲ. ಎತ್ತುಗಳು ಮೈ ಉಜ್ಜಿ ಉಜ್ಜಿ ಒಂದು ಮಗ್ಗುಲು ನುಣ್ಣಗಾಗಿತ್ತು. ಆಕಳ ಬೆನ್ನನ್ನು ನುಣ್ಣಗೆ ಮಾಡಿದವರು ನಾವು ಹುಡುಗರು, ಬೆರಳಾಡಿಸಿ.

ಎಳ್ಳಮಾಸಿಯ ದಿನ ಚರಗ ಚೆಲ್ಲುವಾಗ ಆಯಿ ಮೊದಲ ಸಜ್ಜಿ ಕಡಬನ್ನು ಆ ಕಲ್ಲಿನ ಮುಂದೆ ಇಡುತ್ತಿದ್ದಳು. ಮೇಲೊಂದಿಷ್ಟು ಪುಂಡಿಪಲ್ಯ, ಎಣ್ಣೆಗಾಯಿ. ಹೊಲಕ್ಕೆ ಚೆಲ್ಲುವುದು ಆಮೇಲೆ, ನಾವು ಉಣ್ಣುವುದು ಅದಕ್ಕೂ ಆಮೇಲೆ. ಹಸಿದ ನಾನು ಒಮ್ಮೆ ಕೇಳಿದ್ದೆ, ಕಲ್ಲಿಗ್ಯಾಕ ಮೊದಲು ಅಂತ. "ಹೊಲ ಅದರದ ತಮ್ಮಾ. ನಾವು ಮಾಡಕೊಂಡ ಉಣ್ಣಾವರು" ಅಂದಿದ್ದಳು. ಮುದುಕಿಯ ಮಾತು ಅಂದುಕೊಂಡಿದ್ದೆ. ಈಗ ಶಾಸನಗಳ ಬಗ್ಗೆ ಒಂದಿಷ್ಟು ಓದಿಕೊಂಡ ಮೇಲೆ ಆ ಮಾತು ನೆನಪಾದಾಗೆಲ್ಲ ಮೈ ಜುಮ್ಮೆನ್ನುತ್ತದೆ. ದೇವರಿಗೋ ಮಠಕ್ಕೋ ಬಿಟ್ಟ ನೆಲ, ಉತ್ತು ಬಿತ್ತುವವರು ಬೇರೆ. ಕಲ್ಲಿನ ಮೇಲೆ ಬರೆದದ್ದನ್ನೇ ಆಯಿ ಹೇಳಿದ್ದಳು, ಒಂದು ಅಕ್ಷರವನ್ನೂ ಓದದೆ.

ಮುತ್ಯಾ ಹೇಳುತ್ತಿದ್ದ ಇನ್ನೊಂದು ಸಂಗತಿಯಿದೆ. ಅವನು ಹುಡುಗನಿದ್ದಾಗ ಚಕ್ಕಡಿ ಹೂಡಿಸಿಕೊಂಡು ಇಬ್ಬರು ಬಂದಿದ್ದರಂತೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಗಟ್ಟಿ ಬ್ರಷ್ಷಿನಿಂದ ತಟ್ಟಿ ತಟ್ಟಿ ಕಾಗದವನ್ನು ಅಕ್ಷರದ ತಗ್ಗಿನೊಳಗೆ ಇಳಿಸಿ, ಮೇಲೆ ಕರಿ ಮಸಿ ಒತ್ತಿದರಂತೆ. ಕಾಗದ ಬಿಚ್ಚಿದಾಗ ಕರಿ ನೆಲದಲ್ಲಿ ಬಿಳಿ ಅಕ್ಷರ ಎದ್ದು ಬಂದದ್ದನ್ನು ಅವನು ಎಪ್ಪತ್ತು ದಾಟಿದ ಮೇಲೂ ಕೈಯಾಡಿಸಿ ತೋರಿಸುತ್ತಿದ್ದ. ಊರವರು ಮಾತ್ರ ಹೆದರಿದ್ದರು. ನಿಧಿ ಹುಡುಕುವವರು ಬಂದರು, ರಾತ್ರಿ ಬಂದು ಕಲ್ಲು ಕಿತ್ತಾರು ಅಂತ ನಾಲ್ಕು ದಿನ ಹೊಲದಲ್ಲಿ ಮಲಗಿ ಕಾದರಂತೆ. ನಿಧಿಯ ಆಸೆಗೆ ಒಡೆದುಹೋದ ಕಲ್ಲುಗಳು ನಮ್ಮ ಸೀಮೆಯಲ್ಲಿ ಕಡಿಮೆ ಇಲ್ಲವಾದ್ದರಿಂದ ಆ ಹೆದರಿಕೆ ಸುಳ್ಳಲ್ಲ. ಕಾದರು ಅನ್ನುವುದು ನನಗೆ ಮುಖ್ಯ. ಯಾರೂ ಸಂಬಳ ಕೊಟ್ಟಿರಲಿಲ್ಲ, ರಕ್ಷಿತ ಸ್ಮಾರಕ ಎಂಬ ನೀಲಿ ಬೋರ್ಡು ಇರಲಿಲ್ಲ.

ಒಂದು ಜಗಳ ನಾನೇ ಕಣ್ಣಾರೆ ಕಂಡದ್ದು. ನನಗೆ ಎಂಟೋ ಒಂಬತ್ತೋ. ಮಗ್ಗುಲ ಹೊಲದವರು ಬಿತ್ತುವಾಗ ಎರಡು ಸಾಲು ನಮ್ಮೊಳಗೆ ಬಂದಿದ್ದಾರೆ ಎಂದು ಅಪ್ಪ, ಇಲ್ಲ ಬದುವೇ ಸರಿದಿದೆ ಎಂದು ಅವರು. ಮಾತು ಏರಿ, ಕುಡುಗೋಲು ಕೈಗೆ ಬರುವಷ್ಟಾಯಿತು. ಪಂಚರು ಬಂದರು. ಉತಾರ, ನಕಾಶೆ ಯಾರೂ ಕೇಳಲಿಲ್ಲ. ಎತ್ತಿನ ಮಿಣಿ ತರಿಸಿ ಒಂದು ತುದಿಯನ್ನು ಈ ಕಲ್ಲಿಗೆ ಕಟ್ಟಿ, ಇನ್ನೊಂದನ್ನು ಹಳ್ಳದ ದಂಡೆಯ ಬನ್ನಿ ಗಿಡದ ಕಡೆ ಎಳೆದುಕೊಂಡು ಹೋದರು. ಗೌಡರು ಮಗ್ಗುಲ ಹೊಲದ ಮುದುಕನಿಗೆ, "ಕಲ್ಲ ಮುಟ್ಟಿ ಹೇಳು, ಬದುವು ಎಲ್ಲಿತ್ತು" ಅಂದರು. ಅವನು ಕೈ ಚಾಚಿದ. ಆಕಳ ಬೆನ್ನಿನ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಎಷ್ಟು ಹೊತ್ತು ನಿಂತಿತೋ, ನನಗೆ ಬಹಳ ಹೊತ್ತು ಅನಿಸಿತ್ತು. ಆಮೇಲೆ ಕೈ ಹಿಂದಕ್ಕೆ ತಗೊಂಡು ಅಪ್ಪನ ಕಡೆ ತಿರುಗಿ, "ಎರಡು ಸಾಲು ನಿನ್ನವ ಇರ್ಲಿ ಬಿಡಪಾ" ಅಂದ. ಆ ವರ್ಷ ಅವರ ಮನೆಯಿಂದ ಹಸಿ ಕಡಲೆ ಬಂತು, ನಮ್ಮಿಂದ ಬೆಲ್ಲ ಹೋಯಿತು.

ಇದನ್ನೇ ನಾನು ಮತ್ತೆ ಮತ್ತೆ ಯೋಚಿಸುತ್ತಿದ್ದೇನೆ. ಎಂಟುನೂರು ವರ್ಷದ ಹಿಂದೆ ಯಾರೋ ಹೊಲದ ಗಡಿ ತೋರಿಸಲೆಂದು ನೆಟ್ಟ ಕಲ್ಲು, ಬರೆದ ಭಾಷೆ ಅರ್ಥವಾಗದ ಜನರ ನಡುವೆ, ತನ್ನ ಕೆಲಸವನ್ನು ಒಂದು ದಿನವೂ ಬಿಡದೆ ಮಾಡುತ್ತಿತ್ತು.

ರಾಜನ ಹೆಸರು ಅಳಿಸಿತ್ತು

ಸುದ್ದಿಯಲ್ಲಿದ್ದ ಅಧ್ಯಾಪಕರ ನಂಬರು ಹುಡುಕಿ ಫೋನು ಮಾಡಿದೆ. ಒಳ್ಳೆಯ ಮನುಷ್ಯರು, ಅರ್ಧ ತಾಸು ಮಾತಾಡಿದರು. ಮೇಲಿನ ಸಾಲುಗಳು ಬಹಳ ಸವೆದಿವೆ, ನೀರಿನಲ್ಲಿ ನಿಂತು ನಿಂತು ಪದರು ಎದ್ದಿದೆ, ಹೀಗಾಗಿ ಯಾವ ಅರಸನ ಕಾಲದ್ದು ಎಂದು ಹೇಳಲಾಗುತ್ತಿಲ್ಲ ಎಂದು ಬೇಸರಪಟ್ಟರು. ಕೆಳಗಿನ ಕೆಲವು ಸಾಲು ಮಾತ್ರ ಬಿಡಿಬಿಡಿಯಾಗಿ ಓದಲು ಬರುತ್ತದೆಯಂತೆ. 'ಮತ್ತರು' (ಹೊಲದ ಹಳೆಯ ಅಳತೆ), 'ಮೂಡಲು', 'ಹಳ್ಳ'. "ಹೊಲದ ಸೀಮೆ ಅಷ್ಟೇ ಉಳಿದಿದೆ" ಅಂದರು.

ಸಂಜೆ ಕಾಕಾನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಎಂಬತ್ತರ ಹತ್ತಿರ ಬಂದಿರುವ ಕಾಕಾ ಪಡಸಾಲೆಯ ಮಂಚದ ಮೇಲೆ ಕೂತು ಕೇಳಿಸಿಕೊಂಡ. ಶತಮಾನ, ಅರಸು, ಲಿಪಿ, ಯಾವುದಕ್ಕೂ ಹೂಂ ಅನ್ನಲಿಲ್ಲ. ಕೊನೆಗೆ ಕೇಳಿದ. "ನಮ್ಮ ಹೊಲದ್ದು ಬರ್ದಾರೇನೋ ಅದ್ರಾಗ?"

ಆ ಪ್ರಶ್ನೆ ಕೇಳಿದ ಮೇಲೆ ನನಗೆ ಬಾದಾಮಿಯೇ ಬೇರೆಯಾಗಿ ಕಾಣತೊಡಗಿದೆ. ಶಾಲೆಯ ಪ್ರವಾಸದಲ್ಲಿ ನಮಗೆಲ್ಲ ತಟ್ಟುಕೋಟೆಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನನ್ನು ತೋರಿಸುತ್ತಾರೆ, 'ಸಾಧುಗೆ ಸಾಧು' ಬಾಯಿಪಾಠ ಮಾಡಿಸುತ್ತಾರೆ. ಐಹೊಳೆಯ ಮೇಗುತಿಗೆ ಹತ್ತಿಸಿ 634ರ ರವಿಕೀರ್ತಿಯ ಶಾಸನ, ಅದರಲ್ಲಿ ಪುಲಕೇಶಿ ಹರ್ಷನನ್ನು ಸೋಲಿಸಿದ ಸಂಗತಿ ಹೇಳುತ್ತಾರೆ. ಎಲ್ಲ ಸರಿ. ಆದರೆ ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಲೇಶನ ಕಾಲದ್ದೊಂದು ಪುಟ್ಟ ಕನ್ನಡ ಶಾಸನವಿದೆ. ಅದೇ ಗುಹೆಯ ಸಂಸ್ಕೃತ ಶಾಸನಕ್ಕೆ 578ರ ತೇದಿಯಿದೆ, ಇದೂ ಅದೇ ದಾನಕ್ಕೆ ಸೇರಿದ್ದು. ಕನ್ನಡದ ಅತಿ ಹಳೆಯ ಬರಹಗಳಲ್ಲಿ ಒಂದು. ಅದರಲ್ಲಿ ಯುದ್ಧವಿಲ್ಲ, ಹೊಗಳಿಕೆ ಇಲ್ಲವೆನ್ನುವಷ್ಟು ಕಡಿಮೆ. ಗುಹೆಗೆ 'ಕಲ್ಮನೆ' ಎಂಬ ಚೆಂದದ ಹೆಸರು. ಆ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟದ್ದು, ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೆ ಅರ್ಧ ವೀಸದ ಪಾಲು ಕೊಟ್ಟದ್ದು, ಇದನ್ನು ಅಳಿಸಿದವನು ಏಳನೆಯ ನರಕದ ಹುಳುವಾಗಲಿ ಎಂಬ ಶಾಪ. ಇಷ್ಟೇ. ಲಂಜಿಗೇಸರ ಅಂದರೆ ಮಹಾಕೂಟದ ಹತ್ತಿರದ ಇಂದಿನ ನಂದಿಕೇಶ್ವರ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಹೂಗಾರರ ಪಾಲು ಎಷ್ಟು ಎಂಬುದನ್ನು ಬಂಡೆಯ ಮೇಲೆ ಕೆತ್ತಿಸುವಷ್ಟು ಮಹತ್ವದ್ದು ಎಂದು ಆ ಕಾಲದವರಿಗೆ ಅನಿಸಿತ್ತು. ನಮ್ಮ ಸೀಮೆಯ ನೂರಾರು ಶಾಸನಗಳ ಒಡಲು ಇದೇ. ಯಾವ ಹೊಲ, ಎಷ್ಟು ಮತ್ತರು, ಯಾವ ಗಳೆಯಿಂದ ಅಳೆದದ್ದು, ಮೂಡಲಿಗೆ ಏನು, ತೆಂಕಲಿಗೆ ಏನು, ಯಾರಿಗೆ ಎಷ್ಟು. ಅರಸನ ಬಿರುದುಗಳು ಇವತ್ತಿನ ಸ್ಟ್ಯಾಂಪ್ ಪೇಪರಿನ ಮೇಲಿನ ಮುದ್ರೆಯಂತೆ, ಕಾಗದ ಪಕ್ಕಾ ಎನ್ನಲು ಬೇಕಾದದ್ದು. ನಾವು ಮುದ್ರೆಯನ್ನು ಓದಿ ಕಾಗದವನ್ನು ಮಡಚಿಡುತ್ತೇವೆ. ಕಾಕಾ ಕಾಗದವನ್ನು ಕೇಳಿದ. ಅದು ಅವನ ಹೊಲ, ಅವನು ಕೇಳಬೇಕಾದದ್ದೇ ಅದು.

ಧಾರೆ

ದಾನ ಕೊಡುವಾಗ ನೀರೆರೆದು ಕೊಡುತ್ತಿದ್ದರು. ಶಾಸನಗಳಲ್ಲಿ 'ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ' ಎಂದು ಬರುವುದು ಅದಕ್ಕೇ. ಸೂರ್ಯ ಚಂದ್ರರನ್ನು ಮೇಲೆ ಕೆತ್ತುವುದು, ಅವರಿರುವ ತನಕ ಇದು ನಡೆಯಲಿ ಎಂದು. ನೀರೆರೆದು ಕೊಟ್ಟ ನಮ್ಮ ನೆಲ ನೀರಿಗೇ ಹೋಯಿತು, 2000ದ ಆಚೀಚೆ. ಊರ ದೇವರು ಹನಮಪ್ಪನನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದೆವು. ಬಾಗಿಲ ಚೌಕಟ್ಟು, ತೊಲೆ, ಜಂತಿ, ಬೀಸುಕಲ್ಲು, ಒಳಕಲ್ಲು ಎಲ್ಲ ತಂದೆವು. ಸೂರ್ಯಾ ಚಂದ್ರಮನ ಕಲ್ಲನ್ನು ತರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬಿಟ್ಟು ಬಂದೆವು ಎಂಬ ಭಾವವೂ ಆಗ ಇರಲಿಲ್ಲ. ಅದು ಹೊಲದ್ದು, ಹೊಲ ಅಲ್ಲಿತ್ತು.

ಅಪ್ಪನ ಪಾಲಿಗೆ ಉಳಿದದ್ದು ಒಂದು ಫೈಲು. ಪರಿಹಾರದ ಅವಾರ್ಡಿನ ಪ್ರತಿ, ಉತಾರ, ಮುಳುಗಡೆ ಸರ್ಟಿಫಿಕೇಟು. ಕಚೇರಿಯೊಂದರಲ್ಲಿ ಯಾರೋ ಸರ್ವೆ ನಂಬರಿನ ಒಂದು ಅಂಕಿ ತಪ್ಪಾಗಿ ಬರೆದಿದ್ದರು. ಅದನ್ನು ತಿದ್ದಿಸಲು ಅಪ್ಪ ಹನ್ನೊಂದು ವರ್ಷ ಅಲೆದ. ಪ್ರತಿ ಸಲವೂ ಪ್ಲಾಸ್ಟಿಕ್ ಚೀಲದಿಂದ ಫೈಲು ತೆಗೆದು, ನಾಲ್ಕೂ ದಿಕ್ಕಿನ ಚಕಬಂದಿಯನ್ನು ಬಾಯಿಬಿಟ್ಟು ಹೇಳುತ್ತಿದ್ದ. ಮೂಡಲಿಗೆ ಹಳ್ಳ, ಪಡುವಲಿಗೆ ಇಂಥವರ ಹೊಲ. ಮೇಜಿನ ಆಚೆ ಕೂತವರು ಆಗಲೇ ನೀರಿನಡಿ ಹೋಗಿದ್ದ ಹಳ್ಳದ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಕೆಲವೊಮ್ಮೆ ನಾನು ಜೊತೆಗಿರುತ್ತಿದ್ದೆ. ಅಪ್ಪನ ದನಿ ಅಲ್ಲಿ ಸಣ್ಣಗಾಗುತ್ತಿತ್ತು, ಅದನ್ನು ಮರೆಯಲು ಆಗಿಲ್ಲ.

ಈಗ ಮತ್ತೆ ಅದೇ ಮುಳುಗಡೆಯ ಸುದ್ದಿ ನಮ್ಮ ಜಿಲ್ಲೆಯ ಮಾತಾಗಿದೆ. ಕೃಷ್ಣಾ ನೀರು ಹಂಚಿಕೆಯ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು, ಸಮುದ್ರಮಟ್ಟದ ಲೆಕ್ಕದಲ್ಲಿ, 519.60 ಮೀಟರಿನಿಂದ 524.256ಕ್ಕೆ ಏರಿಸಲು ಒಪ್ಪಿದ್ದು ಎಲ್ಲರಿಗೂ ಗೊತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆಯಾಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ಎಂದು ತೀರ್ಮಾನಿಸಿತು. ಹಿಂದಿನ ಸಲ ನಮಗೆ ಸಿಕ್ಕದ್ದಕ್ಕೆ ಹೋಲಿಸಿದರೆ ಇದು ಬಹಳ ದೊಡ್ಡ ಮೊತ್ತ, ರೈತರು ಹೋರಾಡಿ ಪಡೆದದ್ದು, ನನಗೆ ಸಂತೋಷವಿದೆ. ನೀರು ಬೇಡ ಎಂದು ಹೇಳುವ ಮನುಷ್ಯನೂ ನಾನಲ್ಲ. ಇಂಡಿ, ಸಿಂದಗಿ ಕಡೆಯ ನೆಂಟರ ಹೊಲಕ್ಕೆ ಕಾಲುವೆ ನೀರು ಬಂದಾಗ ಅವರ ಮನೆಯಲ್ಲಿ ಉಂಡು ಬಂದಿದ್ದೇನೆ. ಕೇಳುವುದು ಒಂದೇ. ಭೂಮಿ ತೆಗೆದುಕೊಳ್ಳುವ ಮೊದಲು ಅಳತೆಗೆ ಬರುವವರು ಗಿಡ ಎಣಿಸುತ್ತಾರೆ, ಬಾವಿ ಬರೆದುಕೊಳ್ಳುತ್ತಾರೆ, ಪೈಪ್‌ಲೈನು, ದನದ ಕೊಟ್ಟಿಗೆ ಯಾವುದನ್ನೂ ಬಿಡುವುದಿಲ್ಲ. ಅದೇ ಪಟ್ಟಿಯಲ್ಲಿ ಬದುವಿನ ಮೇಲಿನ ಕಲ್ಲಿಗೂ ಒಂದು ಸಾಲು ಇರಲಿ. ವೀರಗಲ್ಲು, ಮಾಸ್ತಿಗಲ್ಲು, ಬರಹದ ಕಲ್ಲು, ಎಣ್ಣೆ ಹಚ್ಚಿ ಪೂಜಿಸುವ ದುಂಡುಗಲ್ಲು. ಅದು ಎಲ್ಲಿದೆ, ಅದಕ್ಕೆ ಊರವರು ಏನೆನ್ನುತ್ತಾರೆ, ಯಾವ ಹಬ್ಬಕ್ಕೆ ಅದಕ್ಕೆ ಎಡೆ. ಇದನ್ನು ಬರೆದುಕೊಳ್ಳಲು ಎಪಿಗ್ರಫಿ, ಅಂದರೆ ಶಾಸನ ಓದುವ ವಿದ್ಯೆ, ಕಲಿತಿರಬೇಕಿಲ್ಲ. ಆ ಹೊಲದ ಮುದುಕಿಯನ್ನು ಕೇಳಿದರೆ ಸಾಕು.

ಎಲ್ಲಿಡಬೇಕು

ಸುದ್ದಿಯ ಕೊನೆಯಲ್ಲಿದ್ದ 'ಸಂರಕ್ಷಿಸಬೇಕು' ಎಂಬ ಮಾತಿನ ಅರ್ಥ ನಮ್ಮಲ್ಲಿ ಸಾಮಾನ್ಯವಾಗಿ ಮ್ಯೂಸಿಯಮ್ಮಿಗೆ ಸಾಗಿಸಬೇಕು ಎಂದು. ವಿಜಯಪುರದ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಹೋದಾಗೆಲ್ಲ ನಾನು ಮಹಾಕೂಟದ ಕಂಬದ ಹತ್ತಿರ ನಿಲ್ಲುತ್ತೇನೆ. 602ರಲ್ಲಿ ಮಂಗಲೇಶ ನಿಲ್ಲಿಸಿದ ಧರ್ಮಜಯಸ್ತಂಭ. ಮಕುಟೇಶ್ವರನಿಗೆ ಬಿಟ್ಟ ಹತ್ತು ಊರುಗಳ ದಾನ ಅದರ ಮೇಲಿದೆ. ಬ್ರಿಟಿಷರ ಕಾಲದಲ್ಲೇ ಅದನ್ನು ಇಲ್ಲಿಗೆ ತಂದರು, ತಂದದ್ದರಿಂದ ಉಳಿಯಿತು, ಅದಕ್ಕೆ ಎದುರು ಹೇಳಲಾರೆ. ಆದರೆ ಮಹಾಕೂಟದ ಆ ತಣ್ಣನೆಯ ಹೊಂಡದಲ್ಲಿ ಮಿಂದು ಬಂದವರಿಗೆ ಈ ಕಂಬ ಕಾಣುವುದಿಲ್ಲ, ಕಂಬಕ್ಕೆ ತನ್ನ ಹತ್ತು ಊರುಗಳಲ್ಲಿ ಒಂದೂ ಕಾಣುವುದಿಲ್ಲ.

ಕೂಡಲಸಂಗಮದಲ್ಲಿ ಹೀಗಾಗಲಿಲ್ಲ. ಹಿನ್ನೀರು ಬರುತ್ತದೆಂದು ಗೊತ್ತಾದಾಗ ಬಸವಣ್ಣನ ಐಕ್ಯಮಂಟಪವನ್ನು ಕಿತ್ತು ಬೇರೆಡೆ ಇಡಲಿಲ್ಲ. ಅದು ಇದ್ದಲ್ಲೇ ಇರಲಿ ಎಂದು ಸುತ್ತಲೂ ಬಾವಿಯ ಹಾಗೆ ಗೋಡೆ ಎಬ್ಬಿಸಿ ನೀರನ್ನು ತಡೆದರು. ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು, ತಲೆಗಿಂತ ಎತ್ತರದಲ್ಲಿ ಹೊಳೆ ಇರುವಾಗ ಕೆಳಗೆ ಒಣ ನೆಲದ ಮೇಲೆ ನಿಲ್ಲುತ್ತೇವೆ. ಪ್ರತಿ ಹೊಲದ ಕಲ್ಲಿಗೂ ಹಾಗೆ ಗೋಡೆ ಕಟ್ಟಿ ಎಂದು ಯಾರೂ ಕೇಳುವುದಿಲ್ಲ. ಜಾಗ ಮುಖ್ಯ ಎಂದು ಒಪ್ಪಿಕೊಂಡರೆ ಏನೆಲ್ಲ ಸಾಧ್ಯ ಎಂಬುದು ಅಲ್ಲಿ ಕಾಣುತ್ತದೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದಾಗ ಟಿ.ವಿ.ಯ ತುಂಬ ವಿರೂಪಾಕ್ಷ ದೇವಾಲಯವೇ. ಗುಡಿಯ ಬೆನ್ನಿಗೇ ಇರುವ ಊರಿನ ಮನೆಗಳೂ ಅದೇ ನೀರಿನಲ್ಲಿದ್ದವು. ಜೋಳದ ಹಗೆ ಹಾಳಾದವರು, ಹಾಸಿಗೆ ತೊಯ್ದವರು ನಮ್ಮ ಪರಿಚಯದವರೇ ಇದ್ದರು. ಕಲ್ಲು ಬೇರೆ, ಜನ ಬೇರೆ ಎಂಬಂತೆ ನೋಡುವುದು ನಮಗೆ ರೂಢಿಯಾಗಿಬಿಟ್ಟಿದೆ, ಅದನ್ನು ಅಂದು ಬಹಳ ನೋವಿನಿಂದ ಕಂಡೆ.

ಕಾಕಾನ ಜೊತೆ

ಸುದ್ದಿ ಬಂದ ಎರಡು ವಾರಕ್ಕೆ ಕಾಕಾನನ್ನು ಕರೆದುಕೊಂಡು ಹೋದೆ. ಬೆಳಿಗ್ಗೆ ಆರಕ್ಕೆ ಬಿಟ್ಟೆವು. ಡಾಂಬರು ಮುಗಿದ ಮೇಲೆ ಬೈಕು ನಿಲ್ಲಿಸಿ ನಡೆದೆವು. ನೆಲ ಹಪ್ಪಳದಂತೆ ಎದ್ದಿತ್ತು, ಕಾಲಿಟ್ಟಲ್ಲೆಲ್ಲ ಪಟಪಟ ಮುರಿಯುತ್ತಿತ್ತು. ಊರು ಇದ್ದಲ್ಲಿ ಮಣ್ಣಿನ ದಿಬ್ಬ, ಕೆಲವು ಬುನಾದಿಯ ಕಲ್ಲು, ಶಂಖದ ಚಿಪ್ಪು. ಕಾಕಾ ಎಲ್ಲೂ ನಿಲ್ಲಲಿಲ್ಲ. ಇದು ಬಡಿಗೇರ ಮನಿ, ಇದು ಗಿರಣಿ, ಇಲ್ಲಿ ನಿಮ್ಮ ಆಯಿ ಹೆರಿಗೆ ಆಗಿದ್ದು ಅಂತ ಕೈ ತೋರಿಸುತ್ತ ನಡೆದೇ ನಡೆದ.

ಕಲ್ಲು ಫೋಟೊದಲ್ಲಿ ಕಂಡದ್ದಕ್ಕಿಂತ ಕುಳ್ಳಗಿತ್ತು. ಕೆಸರು ಏರಿ ಅರ್ಧ ಹೂತಿದೆ. ಕಾಕಾ ಕೈಚೀಲದಿಂದ ಒಂದು ಬಾಟಲಿ ನೀರು ತೆಗೆದು ಮೇಲಿಂದ ಸುರಿದ, ಧೋತರದ ಚುಂಗಿನಿಂದ ಒರೆಸಿದ. ಸೂರ್ಯನ ಅಂಚು ಮುಕ್ಕಾಗಿತ್ತು. ಆಕಳು ಹಾಗೇ ಇದ್ದಳು, ಬೆನ್ನು ನುಣ್ಣಗೆ. ಚೀಲದಲ್ಲಿ ಕಾಕಿ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ ಇತ್ತು. ಒಂದನ್ನು ಮುರಿದು ಮುಂದಿಟ್ಟ.

"ಊರ ಜನ ಇದನ್ನ ಹೊಸ ಹನಮಪ್ಪನ ಗುಡಿಗೆ ಒಯ್ಯೂಣು ಅಂತಾರು ಕಾಕಾ. ಅಲ್ಲೇ ಕಟ್ಟಿ ಕಟ್ಟಿ ನಿಲ್ಲಸೂಣು ಅಂತ."

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. "ಒಯ್ರಿ. ಇಲ್ಲಿ ಇನ್ನೊಂದು ಹತ್ತು ವರ್ಷಕ್ಕ ಕರಗಿ ಹೊಕ್ಕತಿ. ಆದರ ಇದು ಇಲ್ಲೇ ಇತ್ತು ಅಂತ ಗೊತ್ತಾಗಬೇಕಲ್ಲ."

ಫೋನಿನಲ್ಲಿ ಆ ಜಾಗದ ಗುರುತು ಹಾಕಿಕೊಂಡು ತೋರಿಸಿದೆ. ಪರದೆಯ ಮೇಲೆ ನೀಲಿ ಬಣ್ಣದ ನಡುವೆ ಒಂದು ಚುಕ್ಕೆ. ನಕಾಶೆಗೆ ಅದು ಕೆರೆಯ ಒಡಲು. ಕಾಕಾ ಅದನ್ನು ನೋಡಿ ತಲೆಯಾಡಿಸಿದ, ಸಾಲದು ಅನ್ನುವಂತೆ. ಆಮೇಲೆ ಕಲ್ಲಿಗೆ ಬೆನ್ನು ಕೊಟ್ಟು ನಿಂತು, ಮೂಡಲಿಗೆ ಮುಖ ಮಾಡಿ, ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ಎಣಿಸತೊಡಗಿದ. ಹಳ್ಳದ ಪಾತ್ರ ಇನ್ನೂ ಗೊತ್ತಾಗುತ್ತಿತ್ತು, ಒಣಗಿದ ಕೆಸರಿನಲ್ಲಿ ಒಂದು ಪಟ್ಟಿ ಮಾತ್ರ ಹಸಿರು. ಅಲ್ಲಿಗೆ ಹೋಗಿ ನಿಂತು ಹೆಜ್ಜೆಯ ಲೆಕ್ಕ ಕೂಗಿ ಹೇಳಿದ. ತಿರುಗಿ ಬಂದು ತೆಂಕಲಿಗೆ ನಡೆದ. ಆ ಕಡೆಯ ಹೊಲದವರ ಹೆಸರು, ಅವರ ಅಪ್ಪನ ಹೆಸರು, ಈಗ ಅವರ ಮಕ್ಕಳು ಎಲ್ಲಿದ್ದಾರೆ ಎಂಬುದು. ಪಡುವಲಿಗೆ, ಎರಡು ಸಾಲು ಬಿಟ್ಟುಕೊಟ್ಟವರ ಹೊಲ. ಬಡಗಲಿಗೆ ಹೊಳೆಯ ಹಾದಿ. ನಾನು ಕಲ್ಲಿನ ಪಕ್ಕ ಕೂತು ಬರೆದುಕೊಳ್ಳುತ್ತಿದ್ದೆ. ಬಿಸಿಲು ಏರಿತ್ತು, ದೂರದಲ್ಲಿ ನೀರಿನ ಅಂಚು ಹೊಳೆಯುತ್ತಿತ್ತು, ಅದರ ಮುಂದೆ ಕಾಕಾ ಬಿಳಿ ಚುಕ್ಕೆಯಾಗಿ ಕಾಣುತ್ತಿದ್ದ.

ಅಲ್ಲಿಂದಲೇ ಕೂಗಿದ. "ಬರಕೊಂಡೀ?"

"ಬರಕೊಂಡೆ ಕಾಕಾ" ಅಂದೆ. ಕೇಳಿಸಲಿಲ್ಲವೇನೋ, ಮತ್ತೊಮ್ಮೆ ಕೂಗಿದ.